ಬೆರಣಿ ಟೀ, ಜಯಮ್ಮನ ಲೋಟ

‘‘ಇದೇನ್ ಟೀಚರಮ್ಮ, ಬೆರಣಿನೂ ಪೇಪರ್‌ನಾಗೆ ಸುತ್ತಿ ಇಟ್ಕಂಡಿದೀರಾ?’’

ಬೇಲೂರಿನ ನನ್ನ ಬಾಡಿಗೆ ಮನೆಗೆ ಬಂದ ಮೊದಲ ಅತಿಥಿಯ ಮೊದಲ ಪ್ರಶ್ನೆ ಇದು. ಕೇಳಿದವರು ಕೆಳಗಿನ ಮನೆಯಲ್ಲಿರುವ ಮಾಲೀಕರು, ಜಯಮ್ಮ. ಅವರ ಕೈಯಲ್ಲಿದ್ದದ್ದು ನಾನು ಚೀನಾದ ಕುನ್‌ಮಿಂಗ್‌ನಿಂದ ಸೀರೆಗಳ ನಡುವೆ ಜೋಪಾನವಾಗಿ ತಂದ ಪುಅರ್ ಎಂಬ ಟೀ. ಎಲೆಯನ್ನು ಹಬೆಗೆ ಹಿಡಿದು, ದುಂಡಗೆ ಒತ್ತಿ, ವರ್ಷಗಟ್ಟಲೆ ಇಟ್ಟು ಹಳತು ಮಾಡಿದ ಬಿಲ್ಲೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಅದು ನಿಜಕ್ಕೂ ಬೆರಣಿಯ ಹಾಗೇ ಇತ್ತು.

ಕುನ್‌ಮಿಂಗ್‌ನಲ್ಲಿ ಎಷ್ಟೋ ವರ್ಷ ಯೋಗ ಕಲಿಸುತ್ತಿದ್ದೆ. ಆ ಕೇಂದ್ರ ಮುಚ್ಚಿತು, ಬೇಲೂರಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು, ಒಬ್ಬಳೇ ಬಂದೆ. ಹುಟ್ಟಿದ್ದು ಇದೇ ಜಿಲ್ಲೆಯ ಕಣಕಟ್ಟೆಯಲ್ಲಿ. ಹೊರದೇಶಕ್ಕೆ ಹೋದವರದ್ದು ವಲಸೆ ಎನ್ನುತ್ತಾರೆ. ಸ್ವಂತ ಜಿಲ್ಲೆಗೆ ಮರಳಿ ಹೊಸಬಳಾದವಳದ್ದನ್ನು ಏನೆನ್ನುತ್ತಾರೋ ಗೊತ್ತಿಲ್ಲ. ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ, ಹಾಗಾಗಿ ಒಂಟಿತನಕ್ಕೊಂದು ನೆಪವಾದರೂ ಇತ್ತು. ಇಲ್ಲಿ ಬೀದಿ ತುಂಬ ಕನ್ನಡ, ಆದರೆ ನನ್ನ ಜೊತೆ ಆಡುವವರಿಲ್ಲ.

ನಾನು ತಂದ ಬಗೆಬಗೆಯ ಟೀಗಳು ಕೂಡ ಇಲ್ಲಿ ಹೊಂದಿಕೊಳ್ಳಲು ಹಟ ಮಾಡಿದವು. ಬೋರ್‌ವೆಲ್ ನೀರಿನಲ್ಲಿ ಯಾವುದಕ್ಕೂ ಘಮವಿಲ್ಲ. ಕೊನೆಗೆ ನಲ್ಲಿಯಲ್ಲಿ ಯಗಚಿ ಹೊಳೆಯ ನೀರು ಬಿಟ್ಟ ದಿನ ಹಿಡಿದಿಟ್ಟು ಕಾಯಿಸಿದೆ. ಹಸಿರು ಟೀಗೆ ಕುದಿದು ಸ್ವಲ್ಪ ಆರಿದ ನೀರು, ಇಲ್ಲವಾದರೆ ಕಹಿ. ಊಲಾಂಗ್ ಎಂಬ ಟೀಯ ಎಲೆ ಮಣಿಯಂತೆ ಸುತ್ತಿಕೊಂಡಿರುತ್ತದೆ, ಬಿಸಿ ತಾಗಿದರೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಪುಅರ್‌ಗೆ ಕೊತಕೊತ ಕುದಿಯುವ ನೀರೇ ಆಗಬೇಕು. ಎಲ್ಲವೂ ಘಮ್ಮೆಂದವು, ಆದರೆ ಇದು ಒಬ್ಬರೇ ಕುಡಿಯುವ ಟೀ ಅಲ್ಲ. ಗೈವಾನ್ ಎಂಬ ಮುಚ್ಚಳದ ಬಟ್ಟಲಿನಲ್ಲಿ ಅದೇ ಎಲೆಗೆ ಮತ್ತೆ ಮತ್ತೆ ನೀರು ಹೊಯ್ದು, ಪ್ರತಿ ಸಲ ಬದಲಾಗುವ ರುಚಿ ನೋಡುತ್ತ, ನಡುನಡುವೆ ಹರಟುತ್ತ ಕೂರಬೇಕು. ನನಗೆ ಬೇಕಾಗಿದ್ದದ್ದು ಎದುರಿಗೊಂದು ಜೀವ. ಅದಕ್ಕೇ ಜಯಮ್ಮನವರನ್ನು ಕರೆದದ್ದು.

ಮೊದಲ ನೀರು ಎಲೆ ತೊಳೆಯುವುದಕ್ಕೆ, ಚೆಲ್ಲಿದೆ. ‘‘ಅಯ್ಯೋ, ಡಿಕಾಕ್ಷನ್ನೇ ಚೆಲ್ಬುಟ್ರಲ್ಲ!’’ ಎಂದರು ಜಯಮ್ಮ. ಮೊದಲ ಡಿಕಾಕ್ಷನ್ ಅನ್ನು ಬಂದವರಿಗೆಂದೇ ಎತ್ತಿಡುವ ಸೀಮೆ ನಮ್ಮದು. ಆಮೇಲೆ ಪುಟ್ಟ ಕಪ್ಪಿಗೆ ಮುಕ್ಕಾಲು ಹೊಯ್ದು ಎರಡೂ ಕೈಯಲ್ಲಿ ಕೊಟ್ಟೆ. ಅವರು ಕಪ್ಪನ್ನೂ ನನ್ನನ್ನೂ ನೋಡಿದರು.

‘‘ಇಷ್ಟೇನಾ?’’

ಒಂದೇ ಗುಟುಕಿಗೆ ಮುಗಿಸಿ, ‘‘ಬತ್ತೀನಿ, ಒಲೆ ಮೇಲೆ ಹಾಲೈತೆ’’ ಎಂದು ಎದ್ದರು.

ಮುಕ್ಕಾಲು ತುಂಬಿಸುವುದನ್ನು ಕಲಿಸಿದ್ದು ಕುನ್‌ಮಿಂಗ್‌ನ ನೆರೆಯವರು, ಲೀ ಆಯಿ. ಆಯಿ ಎಂದರೆ ಅಲ್ಲಿ ಚಿಕ್ಕಮ್ಮ ಎಂದ ಹಾಗೆ. ಅವರಿಗೆ ಮೊದಲ ಸಲ ಟೀ ಕೊಟ್ಟಾಗ ನನ್ನಮ್ಮನಂತೆ ಕಂಠಮಟ್ಟ ತುಂಬಿಸಿದ್ದೆ. ಆಯಿ ಎದ್ದು ಬಾಗಿಲಿಗೆ ಹೋದರು. ನನ್ನ ಪೆಚ್ಚು ಮೋರೆ ಕಂಡು, ನಗುತ್ತ ವಾಪಸು ಬಂದು ಕೂತರು. ಅಲ್ಲಿ ತುಂಬಿದ ಟೀ ಕಪ್ಪು ‘ಇನ್ನು ಹೊರಡಿ’ ಎಂದಂತೆ. ಖಾಲಿ ಬಿಟ್ಟ ಜಾಗ ಪ್ರೀತಿಗಂತೆ.

ಆಯಿ ಬಾಗಿಲಿನಿಂದ ವಾಪಸು ಬಂದಿದ್ದರು. ಜಯಮ್ಮ ಬರಲಿಲ್ಲ. ಹಾಲಿನ ಅಂಗಡಿಯಲ್ಲಿ ಒಬ್ಬಾಕೆ, ‘‘ಟೀಚರಮ್ಮನ ಕೈ ಸ್ವಲ್ಪ ಬಿಗಿಯಂತಲ್ಲ’’ ಎಂದು ಛೇಡಿಸಿದಾಗ ಸುದ್ದಿ ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯಿತು. ಬಹಳ ನೋವಾಯಿತು. ಪೆಟ್ಟಿಗೆ ಕಟ್ಟಿಬಿಡಲೇ ಎಂದೂ ಅನ್ನಿಸಿತು, ಆದರೆ ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಯುಗಾದಿ ಬಂತು. ಮುನಿಸಿದ್ದರೂ ಮೇಲಿನ ಮನೆಯವಳನ್ನು ಬಿಟ್ಟು ಹಬ್ಬ ಮಾಡುವವರಲ್ಲ ಜಯಮ್ಮ. ಒಬ್ಬಟ್ಟಿನ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಕೂಗಿ ಹೋದರು. ಕೊಟ್ಟ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದಲ್ಲ, ನನ್ನ ಮನೆಯಲ್ಲಿ ಸಕ್ಕರೆ ಕೂಡ ಇರಲಿಲ್ಲ. ಪುಅರ್ ಬಿಲ್ಲೆಯಿಂದ ಒಂದು ತುಂಡು ಮುರಿದು ಅದರಲ್ಲಿ ಹಾಕಿದೆ. ‘‘ಹಬ್ಬದೂಟ ಭಾರ ಅನ್ನಿಸಿದರೆ ಕುಡಿಯಿರಿ, ಹಗುರ ಆಗುತ್ತೆ’’ ಎಂದು ಕೊಟ್ಟುಬಂದೆ. ಅವರು ಮೂಸಿ ನೋಡಿ ಡಬ್ಬಿ ಮುಚ್ಚಿದರು.

ಮರುದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಬಾಗಿಲಲ್ಲಿ ಜಯಮ್ಮ, ಕೈಯಲ್ಲೊಂದು ದೊಡ್ಡ ಸ್ಟೀಲ್ ಲೋಟ.

‘‘ಬೆಲ್ಲ ಹಾಕಿ ಚೆನ್ನಾಗಿ ಕುದ್ಸಿ ಕುಡ್ದೆ ಕಣೇ. ಹೊಟ್ಟೆ ಹಗುರಾಯ್ತು. ಆದ್ರೆ ನಿನ್ ಗುಬ್ಬಚ್ಚಿ ಕಪ್ಪು ನಂಗಾಗಕಿಲ್ಲ. ನನ್ ಲೋಟ ನಾನೇ ತಂದಿವ್ನಿ, ತುಂಬ್ಸು.’’

ಪುಅರ್‌ಗೆ ಬೆಲ್ಲ! ಆಯಿ ಕೇಳಿದ್ದರೆ ಏನೆನ್ನುತ್ತಿದ್ದರೋ. ಆದರೆ ಅವರ ಮಾತಿನಲ್ಲಿ ‘ಟೀಚರಮ್ಮ’ ಹೋಗಿ ‘ಕಣೇ’ ಬಂದಿತ್ತು. ಎಷ್ಟು ನಿರಾಳವಾಯಿತೆಂದರೆ ಕಣ್ಣು ತುಂಬಿಕೊಂಡವು. ತಪ್ಪನ್ನು ಕೆಟಲ್‌ನ ಹಬೆಯ ಮೇಲೆ ಹಾಕಿ ಒರೆಸಿಕೊಂಡೆ. ಪುಟ್ಟ ಗೈವಾನ್‌ನಿಂದ ಆ ಲೋಟ ತುಂಬಿಸುವಷ್ಟರಲ್ಲಿ ಮೊದಲು ಹೊಯ್ದದ್ದು ಆರಿಯೇ ಹೋಗಿತ್ತು. ಅವರಿಗೆ ಅದರ ಚಿಂತೆ ಇರಲಿಲ್ಲ. ನನ್ನ ಕಪ್ಪಿಗೆ ಮುಕ್ಕಾಲು ಹೊಯ್ದುಕೊಂಡೆ. ಜಯಮ್ಮ ಬಗ್ಗಿ ನೋಡಿದರು.

‘‘ನಿಂದ್ಯಾಕೆ ಅಷ್ಟಕ್ಕೇ ನಿಲ್ಸ್‌ಬುಟ್ಟೆ?’’

‘‘ಅಲ್ಲೊಬ್ಬರು ಚಿಕ್ಕಮ್ಮ ಇದಾರೆ. ಮಿಕ್ಕ ಜಾಗ ಅವರಿಗೆ.’’

‘‘ಕಪ್‌ನಾಗೆ ಜಾಗ ಬಿಟ್ರೆ ಬಂದ್ಬುಡ್ತಾರಾ? ಬರಕ್ಕೇಳು, ಕೆಳಗಡೆ ರೂಮೈತೆ.’’

ಕುನ್‌ಮಿಂಗ್‌ನಲ್ಲಾದರೆ ತುಂಬಿದ ಕಪ್ಪು ಕಂಡವರು ಎದ್ದು ಹೊರಡಬೇಕು. ಜಯಮ್ಮ ತುಂಬಿದ ಲೋಟ ಹಿಡಿದು, ಗೋಡೆಗೊರಗಿ, ದೀಪ ಹಚ್ಚುವ ಹೊತ್ತಿನವರೆಗೂ ಕೂತಿದ್ದರು. ಈಗ ದಿನವೂ ಬರುತ್ತಾರೆ. ನನ್ನ ಕಪ್ಪು ಮಾತ್ರ ಇನ್ನೂ ಮುಕ್ಕಾಲಿಗೇ ನಿಲ್ಲುತ್ತದೆ.