ಅಕ್ಕನ ಮನೆಯ ತೊಟ್ಟಿಲ ಕೊಂಡಿ

ಮುಳಬಾಗಿಲಿನ ಆಚೆ ಅಕ್ಕ, ಭಾವ ಹೊಸ ಮನೆ ಕಟ್ಟಿಸಿದಾಗ ತಾರಸಿ ಹಾಕುವ ದಿನ ನಾನೂ ಅಲ್ಲಿದ್ದೆ. ಯಾರೂ ಹೇಳದೆಯೇ ಮೇಸ್ತ್ರಿ ನಡುಮನೆಯ ಮೇಲೆ ಒಂದು ಕಬ್ಬಿಣದ ಕೊಂಡಿ ಇಳಿಬಿಟ್ಟ. ಮನೆ ಎಂದಮೇಲೆ ತೊಟ್ಟಿಲು ಕಟ್ಟಲು ಕೊಂಡಿ ಬೇಕಲ್ಲ. ಅಕ್ಕನಿಗೆ ಮಕ್ಕಳಾಗಲಿಲ್ಲ. ಮಕ್ಕಳಿಗಾಗಿ ಹರಕೆ ಹೊತ್ತು ಆವನಿ ಬೆಟ್ಟ ಹತ್ತಿದ್ದಾಯಿತು, ಬೆಂಗಳೂರಿನ ಡಾಕ್ಟರುಗಳ ಸೂಜಿಯೂ ಆಯಿತು. ಆಮೇಲೆ ಇಬ್ಬರೂ ಆ ಮಾತನ್ನೇ ಬಿಟ್ಟರು. ಕೊಂಡಿಗೆ ಬಾಳೆಗೊನೆ ಬಂತು.

ಹೋದ ವರ್ಷ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಾ ಅಕ್ಕ ನನ್ನೊಬ್ಬಳಿಗೇ ಹೇಳಿದಳು. “ನಿಮ್ ಭಾವ ಹೊಲಕ್ಕೆ ಹೋದ್ಮೇಲೆ ಒಂದೊಂದ್ಸಲ ಗೊನೆ ಇಳಿಸಿ, ಹಳೇ ಸೀರೆ ಕಟ್ಟಿ ತೂಗ್ತೀನಿ ಕಣೇ. ಬರೀ ಸೀರೆ. ಮನಸ್ಸಿಗೆ ಹಾಯಾಗ್ತದೆ. ಅವರಿಗೆ ಗೊತ್ತಾದ್ರೆ ನೊಂದ್ಕೊತಾರೆ, ಹೇಳ್ಬೇಡ.”

ಹೇಳಲಿಲ್ಲ. ಬರೆದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆಗ ಕೋಲಾರದ ನನ್ನ ಮನೆಯಲ್ಲಿ ಕೂತು ಮುಂದಿನ ಕಾಲದ ಕಥೆಯೊಂದನ್ನು ಬರೆಯುತ್ತಿದ್ದೆ. ಲೋಕದಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲ. ಶಾಲೆಗಳೆಲ್ಲ ಟೊಮೇಟೊ ಮಂಡಿಗಳಾಗಿವೆ, ಊರಿನಲ್ಲಿ ಎಲ್ಲರಿಗಿಂತ ಚಿಕ್ಕವನಿಗೂ ತಲೆ ನರೆತಿದೆ. ಎಲ್ಲವೂ ಇತ್ತು, ಕಥೆಗೆ ಜೀವ ಮಾತ್ರ ಇರಲಿಲ್ಲ. ಖಾಲಿ ಸೀರೆ ತೂಗುವ ಹೆಂಗಸೊಬ್ಬಳನ್ನು ತಂದಿಟ್ಟೆ, ಜೀವ ಬಂತು. ಬಾಳೆಗೊನೆಯನ್ನಾದರೂ ಬದಲಿಸಬಹುದಿತ್ತು, ಅದನ್ನೂ ಬದಲಿಸಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಪತ್ರಿಕೆಯಲ್ಲಿ ಅಚ್ಚಾದಾಗಲೂ, ಈಗಿನ ಕಾಲದಲ್ಲಿ ಕಥೆ ಯಾರು ಓದುತ್ತಾರೆ ಎಂದು ಧೈರ್ಯವಾಗಿಯೇ ಇದ್ದೆ. ಭಾವ ಓದಿದರು. ನಾದಿನಿಯ ಹೆಸರು ಬಂದಿದೆ ಎಂಬ ಹೆಮ್ಮೆಗೆ ಮುಳಬಾಗಿಲ ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡು ತಂದು, ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿದರಂತೆ. ಸೀರೆ ತೂಗುವಲ್ಲಿಗೆ ಬಂದಾಗ ತಲೆ ಎತ್ತಿ ಕೊಂಡಿ ನೋಡಿದರಂತೆ. ಮುಂದೆ ಓದಲಿಲ್ಲವಂತೆ.

ಅಕ್ಕ ಇದನ್ನೆಲ್ಲ ಫೋನಿನಲ್ಲಿ ಹೇಳಿದಳು. ಬೈಯಲಿಲ್ಲ. “ಪೋನೀಲೇ, ಹೋಗ್ಲಿ ಬಿಡು. ಒಂದ್ಸಲ ಬಂದೋಗು” ಎಂದಳು. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಅಕ್ಕ ಇನ್ನು ನನ್ನ ಮುಂದೆ ಯಾವತ್ತೂ ಮನಸ್ಸು ಬಿಚ್ಚುವುದಿಲ್ಲ ಎಂಬ ಹೆದರಿಕೆ ಹಿಡಿದುಕೊಂಡಿತು. ಕಾಲು ಹಿಡಿದಾದರೂ ತಪ್ಪಾಯಿತು ಎನ್ನಬೇಕೆಂದು ಮಾರನೆಯ ದಿನವೇ ಬಸ್ಸು ಹತ್ತಿದೆ.

ಭಾವ ಬಾಗಿಲಲ್ಲೇ ಸಿಕ್ಕಿದರು. “ಬಾಮ್ಮ, ಬಿಸ್ಲಲ್ಲಿ ಬಂದಿದ್ದೀಯ” ಎಂದು ಒಳಗೆ ಕರೆದರು. ಬಾಳೆಗೊನೆ ಗೋಡೆಗೆ ಒರಗಿತ್ತು. ಕೊಂಡಿಯಲ್ಲಿ ಹೊಸ ಫ್ಯಾನು.

“ಪಾಪ, ನಾನು ಹೊಲಕ್ಕೆ ಹೋದ್ರೆ ನಿಮ್ಮಕ್ಕ ಒಬ್ಳೇ ಇರ್ತಾಳೆ. ಸೆಕೆ ಬೇರೆ. ಅದಕ್ಕೇ ಹಾಕಿಸ್ದೆ” ಎಂದರು. ನನ್ನ ಮುಖ ನೋಡದೆ ಹೊರಗೆ ಹೋದರು.

ಅವರಿಗೆ ತೋಚಿದ್ದು ಅದು. ಅವರ ಮೇಲೆ ನಾನು ಹೇಗೆ ಸಿಟ್ಟಾಗಲಿ?

ಅಕ್ಕ ನೀರಿನ ಚೊಂಬು ತಂದಳು. ನಾನು “ಅಕ್ಕಾ” ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ಒತ್ತಿದಳು.

“ಇಲ್ಲಿ ಕೂತ್ಕೊ ಕಣೇ” ಎಂದಳು. “ಗಾಳಿ ಚೆನ್ನಾಗಿ ಬರ್ತದೆ.”

ಅದರ ಕೆಳಗೇ ಕೂತು ಊಟ ಮಾಡಿ ಬಂದೆ.