ಕೌದಿ ಹೊತ್ತು ಶಾಲೆಗೆ ಹೋದ ದಿನ

ಮಕ್ಕಳೇ, ನಿಮ್ಮ ಅಕ್ಕ ರೀಟಾ ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ, ಭತ್ತದ ಒಕ್ಕಣೆ ಮುಗಿದ ದಿನಗಳಲ್ಲಿ ಇದು ನಡೆದದ್ದು. ಅವಳಿಗೆ ಇಂಗ್ಲಿಷ್ ಒಂದೇ ಕಷ್ಟ. ಅವಳ ಅವ್ವ, ಅಂದರೆ ನನ್ನ ಮಗಳು, ಅದೇ ಇಂಗ್ಲಿಷಿಗೆ ಹೆದರಿ ಶಾಲೆ ಬಿಟ್ಟು ಕೂಲಿಗೆ ಹೋದವಳು. ಇವಳೂ ಹಾಗೆ ಬಿಟ್ಟಾಳೆಂದು ನನಗೆ ಒಳಗೊಳಗೇ ಭಯ.

ಒಂದು ಸಂಜೆ ನಾನು ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದೆ. ರೀಟಾ ಇಂಗ್ಲಿಷ್ ಪುಸ್ತಕ ಮುಚ್ಚಿದಳು.

"ಅಜ್ಜಿ, ಎಲ್ಲಾ ಮುಗದು ಹೋದದ್ದ. ಅದರಾಗ ಮತ್ತ ಮೂರು ನಮೂನಿ ಭೂತಕಾಲ ಯಾಕ ಬೇಕು ಇವರಿಗೆ?"

ನಾನು ಊರ ಶಾಲೆಯಲ್ಲಿ ಏಳನೆಯ ತರಗತಿ ತನಕ ಕಲಿತವಳು, ಇಂಗ್ಲಿಷ್ ಬಾರದು. ಕೈಯಲ್ಲಿದ್ದದ್ದನ್ನೇ ತೋರಿಸಿದೆ.

"ನೋಡು, ನಿನ್ನೆ ಕೆಂಪು ತುಂಡು ಹಚ್ಚಿದೆ. ಅದೊಂದು. ಹಚ್ಚಾಕತ್ತಿದ್ದೆ, ಅಷ್ಟರಾಗ ನಿಮ್ಮವ್ವ ಬಂದ್ಲು. ಅದು ಇನ್ನೊಂದು. ಆಕಿ ಬರೂದ್ರಾಗ ನೀಲಿದು ಹಚ್ಚಿ ಮುಗಿಸಿದ್ದೆ. ಮೂರೂ ಒಂದ ಹೆಂಗ ಆಕ್ಕಾವ?"

ನಾವು ಕೌದಿಯನ್ನು ಅಂಚಿನಿಂದ ಶುರು ಮಾಡಿ, ಸುತ್ತುತ್ತ ನಡುವಿಗೆ ಬರುತ್ತೇವೆ. ಅಂಚಿನದು ಹಳೆಯದು, ನಡುವಿನದು ಈಗಿನದು. ಅವಳಿಗೆ ಅದು ಹಿಡಿಸಿತು.

ಮುಂದಿನ ವಾರದ ಕಿರುಪರೀಕ್ಷೆಯಲ್ಲಿ, ಯಾವುದು ಮೊದಲು ನಡೆಯಿತು, ಯಾವುದು ನಂತರ ಎಂದು ಗೆರೆ ಎಳೆದು ತೋರಿಸಲು ಕೇಳಿದ್ದರಂತೆ. ಎಲ್ಲರೂ ಉದ್ದ ಗೆರೆ ಎಳೆದರೆ, ಇವಳು ಚೌಕ ಬರೆದು ಒಳಗೊಳಗೆ ಸುತ್ತಿದ್ದಳು. ಸೊನ್ನೆ ಬಂತು. ಮನೆಯವರನ್ನು ಕರೆದುಕೊಂಡು ಬಾ ಎಂದರು ಇಂಗ್ಲಿಷ್ ಟೀಚರ್.

"ನಿನ್ನ ಮಾತು ಕೇಳಿದ್ದಕ್ಕ ಎಲ್ಲಾರೂ ನಕ್ರು. ಇನ್ನ ನಾ ಸಾಲಿಗೆ ಹೋಗಂಗಿಲ್ಲ," ಎಂದು ರೀಟಾ ಚೀಲ ಮೂಲೆಗೆಸೆದಳು.

ಮರುದಿನ ಅರ್ಧ ಹೊಲಿದ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು, ಅವಳನ್ನೂ ಎಳೆದುಕೊಂಡು ಬಸ್ಸಿನಲ್ಲಿ ಹಳಿಯಾಳದ ಅವಳ ಶಾಲೆಗೆ ಹೋದೆ. ನಾಲ್ಕು ಜನರೆದುರು ಬಾಯಿ ಬಿಟ್ಟವಳಲ್ಲ ನಾನು.

"ಬಾಯಾರ, ತಪ್ಪು ಆಕಿದಲ್ರಿ, ನಂದು," ಎಂದು ಟೀಚರ ಮೇಜಿನ ಮೇಲೆ ಕೌದಿ ಬಿಚ್ಚಿದೆ. ಹೇಗೆ ಹೇಳಿಕೊಟ್ಟೆನೆಂದು ತೊದಲುತ್ತ ಹೇಳಿದೆ.

ಅವರು ಅಂಚಿನಿಂದ ನಡುವಿನವರೆಗೆ ಬೆರಳಾಡಿಸಿದರು. "ನನಗ ಈ ಚೌಕ ತಿಳೀಲಿಲ್ರಿ. ಸೊನ್ನಿ ಹಾಕೂದು ಬ್ಯಾಡಾಗಿತ್ತು. ಬರ್ರಿ, ನಕ್ಕವರಿಗೂ ಒಂದೀಟು ಹೇಳ್ರಿ," ಎಂದು ತರಗತಿಗೆ ಕರೆದೊಯ್ದರು.

ಮಕ್ಕಳು ಕೌದಿಯ ಸುತ್ತ ನೆರೆದರು. ಒಬ್ಬ ಹುಡುಗಿ ಕೇಳಿದಳು, "ಈ ಗೀರಿನ ಅಂಗಿ ತುಂಡು ಯಾರದ್ರಿ ಅಜ್ಜಿ?"

"ನಮ್ಮ ಮನಿಯವರದವ್ವ, ರೀಟಾನ ಅಜ್ಜಂದು. ಕಡೀ ಗಳಿಗ್ಯಾಗ ನೀರು ಕೇಳಿದ್ರು. ನಾ ತಗೊಂಡು ಬರೂದ್ರಾಗ ಜೀವ ಹೋಗಿಬಿಟ್ಟಿತ್ತು."

ಇಷ್ಟು ವರ್ಷ ನನ್ನ ಮಗಳಿಗೂ ಹೇಳದ ಮಾತು. ಹೇಗೆ ಬಾಯಿಗೆ ಬಂತೋ ತಿಳಿಯದು. ರೀಟಾ ತಾನಾಗಿಯೇ ಎದ್ದು ಹೋಗಿ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಳು. ಟೀಚರ್ ಓದಿದರು. ಒಂದಕ್ಷರವನ್ನೂ ತಿದ್ದಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ನಾಳೆಯ ಪಾಠ ತೆಗೆದು ಕುಳಿತಳು. ನಾನು ಮೆಲ್ಲಗೆ ಕೇಳಿದೆ, "ಏನ ಬರದಿ?"

"ಅಜ್ಜ ಆಗಲೇ ಹೋಗಿಬಿಟ್ಟಿದ್ದ ಅಂತ ಒಂದು. ಆವಾಗ ನೀ ನೀರು ತರಾಕತ್ತಿದ್ದಿ ಅಂತ ಇನ್ನೊಂದು."

ತಡವಾಗಿ ಬಂದೆ ಎಂದಷ್ಟೇ ನಾನು ಇಷ್ಟು ವರ್ಷ ನೆನೆಸಿಕೊಂಡು ಕೊರಗುತ್ತಿದ್ದೆ. ನೀರು ತರುತ್ತಿದ್ದೆ ಎಂಬುದು ನನಗೆ ಮರೆತೇ ಹೋಗಿತ್ತು.