ಕೇರೆಹಾವು ಹೊರಗೆ ಕೂತದ್ದು

ಎಪ್ಪತ್ತನೇ ಇಸವಿಯ ಆಸುಪಾಸು. ಮುಂಬೈಯ ಪಾರ್ಲೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ನನಗೆ ಹಾವಿನ ಹುಚ್ಚು ಹಿಡಿದಿತ್ತು. ನಮ್ಮ ಲ್ಯಾಬಿನಲ್ಲಿ ಆರಡಿ ಉದ್ದದ, ವಿಷವಿಲ್ಲದ ಕೇರೆಹಾವೊಂದಿತ್ತು. ಅದನ್ನು ಸಾಕುತ್ತಿದ್ದ ಮುದುಕ ಅಟೆಂಡರ್ ಮೂರು ತಿಂಗಳು ನನಗೆ ಬರೀ ನೋಡಲು ಬಿಟ್ಟ. ಮುಟ್ಟಲು ಹೋದರೆ ‘ಪೆಹಲೆ ಹಾಥ್ ಧೋ’ ಎನ್ನುವನು. ಕೈ ತೊಳೆದರೆ ಮುಗಿಯಿತೇ? ಮೇಲಿನಿಂದ ಎರಗಬೇಡ, ಪಕ್ಕದಿಂದ ಕೈ ಒಡ್ಡು. ಕತ್ತು ಹಿಚುಕಬೇಡ, ಮೈಗೆ ಎರಡೂ ಕೈಯ ಆಸರೆ ಕೊಡು. ತಿಂದ ಮೇಲೆ ಎರಡು ದಿನ ಮುಟ್ಟಬೇಡ. ಕಣ್ಣು ಮಸುಕಾದರೆ ಪೊರೆ ಬಿಡುವ ಕಾಲ, ಆಗಂತೂ ಹತ್ತಿರ ಸುಳಿಯಬೇಡ. ನನ್ನ ಅತ್ತೆಮನೆಯಲ್ಲೂ ಮುಂದೆ ಇಷ್ಟು ಕಟ್ಟಳೆ ಇರಲಿಲ್ಲ.

ಶ್ರಾವಣದಲ್ಲಿ ಲ್ಯಾಬಿನ ಸೂರು ಸೋರತೊಡಗಿತು. ಅಟೆಂಡರ್ ಎಂಟು ದಿನ ಊರಿಗೆ ಹೊರಟಿದ್ದ. ಬೇರೆ ದಾರಿಯಿಲ್ಲದೆ ಹಾವಿನ ಪೆಟ್ಟಿಗೆಯನ್ನು ನನಗೊಪ್ಪಿಸಿ, ‘ನಾನು ಬಂದಾಗ ಇದು ಬೆದರಿದ್ದರೆ ನನಗೆ ಗೊತ್ತಾಗುತ್ತದೆ. ಆಮೇಲೆ ನೀನು ಹಾವಿನ ಕೋಣೆಗೆ ಕಾಲಿಡುವಂತಿಲ್ಲ’ ಎಂದ. ಬಿ.ಎಸ್ಸಿ. ಫೇಲಾದರೂ ನನಗೆ ನಡೆಯುತ್ತಿತ್ತು, ಆ ಕೋಣೆ ತಪ್ಪಬಾರದಿತ್ತು. ಅಪ್ಪ ಹೇಗೆ ಒಪ್ಪಿದರೆಂದು ಕೇಳಬೇಡಿ. ಎರಡು ದಿನ ಊಟ ಬಿಟ್ಟಿದ್ದೆ.

ಪೆಟ್ಟಿಗೆ ಹೊತ್ತು ವಡಾಲದ ಮನೆಗೆ ಬಂದೆ. ಮರುದಿನ ನಾಗರಪಂಚಮಿ ಎಂಬುದು ಈ ಜಾಣೆಗೆ ನೆನಪೇ ಇರಲಿಲ್ಲ!

ನಮ್ಮ ಬಿಲ್ಡಿಂಗಿನ ತುಂಬ ಧಾರವಾಡ, ಬೆಳಗಾವಿ ಕಡೆಯವರು. ಮುಂಬೈಗೆ ಬಂದಾಗಿನಿಂದ ಮಣ್ಣಿನ ನಾಗಪ್ಪನಿಗೇ ಹಾಲೆರೆದು ಬೇಸತ್ತಿದ್ದ ಹೆಂಗಸರಿಗೆ ಜೀವಂತ ನಾಗಪ್ಪ ಎರಡನೇ ಮಾಳಿಗೆಗೆ ತಾನಾಗಿ ಬಂದಿದ್ದಾನೆಂದರೆ ಕೇಳಬೇಕೆ? ಬೆಳಿಗ್ಗೆ ಎಂಟಕ್ಕೇ ಹಾಲಿನ ಗಿಂಡಿ, ಅರಿಷಿಣ, ಅಳ್ಳು, ಎಳ್ಳುಂಡಿ ಹಿಡಿದು ನಮ್ಮ ಬಾಗಿಲಲ್ಲಿ ನೆರೆದರು.

“ಇದು ನಾಗರಹಾವಲ್ಲರಿ, ಕೇರಿಹಾವು!” ಎಂದೆ.

“ಇರ್ಲಿ ಬಿಡವಾ, ನಾಗಪ್ಪನ ಕಾಕಾನ ಮಗಾ ಆದ” ಎಂದರು ಪಕ್ಕದ ಮನೆಯ ಕಾಕು.

ಪೆಟ್ಟಿಗೆಯ ಜಾಲರಿಯೊಳಗೆ ಬಗ್ಗಿ ನೋಡಿದೆ. ಹಾವಿನ ಕಣ್ಣು ರಾತ್ರಿ ಕಳೆಯುವುದರೊಳಗೆ ನೀಲಿಗಟ್ಟಿ ಮಸುಕಾಗಿತ್ತು. ಮೈ ಬಿಗಿದಿತ್ತು, ಉಸಿರು ಸರಸರ ಏರಿಳಿಯುತ್ತಿತ್ತು, ಕತ್ತನ್ನು ಉಬ್ಬಿಸಿ ಹಿಂದಕ್ಕೆ ಮಡಿಸಿಕೊಂಡಿತ್ತು. ಬಾಲ ಕೆಳಗೆ ಹಾಸಿದ ಪೇಪರಿಗೆ ಬಡಿದು ಟರ್ರೆನ್ನುತ್ತಿತ್ತು. ಅಟೆಂಡರ್ ಹೇಳಿಕೊಟ್ಟ ಗಾಬರಿಯ ಗುರುತುಗಳು ಒಂದೂ ಬಿಡದೆ ಅಲ್ಲಿದ್ದವು.

“ನೋಡ್ರೆವಾ, ಹೆಡಿ ಎತ್ತೇದ! ಬಾಲಾ ಬಡದು ಕುಣ್ಯಾಕ್ಹತ್ತೇದ! ನಾಗಪ್ಪ ಒಲದಾ!” ಎಂದು ಕಾಕು ಕೈ ಮುಗಿದರು. ಒಬ್ಬರು ಹಾಡು ಎತ್ತಿದರು. ನಾನು ಪೆಟ್ಟಿಗೆಯ ಮೇಲೆ ಬೋರಲಾಗಿ ಬಿದ್ದುಕೊಂಡು, “ಅದು ಅಂಜ್ಯದರಿ, ಹಾಲು ಸುರದ್ರ ಸಾಯ್ತದ!” ಎಂದು ಕೂಗಿದೆ. ನನ್ನ ಲಂಗದ ಮೇಲೆ ಆಗಲೇ ಎರಡು ಗಿಂಡಿ ಹಾಲು ಬಿದ್ದಿತ್ತು.

ಆಗ ಅಜ್ಜಿ ಅಡುಗೆಮನೆಯಿಂದ ಹೊರಬಂದಳು. ಹಾಡು ಅರ್ಧಕ್ಕೇ ನಿಂತಿತು. ಅಜ್ಜಿ ಇಪ್ಪತ್ತೆರಡಕ್ಕೇ ವಿಧವೆಯಾದವಳು. ಹಬ್ಬದ ದಿನ ಮುತ್ತೈದೆಯರ ಎದುರು ಬರುವವಳೇ ಅಲ್ಲ. ಆದರೆ ಮಡಿ, ಮೈಲಿಗೆ, ಯಾರನ್ನು ಯಾವಾಗ ಮುಟ್ಟಬೇಕು ಎಂಬುದರಲ್ಲಿ ಇಡೀ ಬಿಲ್ಡಿಂಗಿಗೆ ಅವಳ ಮಾತೇ ಕಾಯಿದೆ. ಬಗ್ಗಿ ಹಾವಿನ ಕಣ್ಣು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

“ಯಾರೂ ಮುಟ್ಟಬ್ಯಾಡ್ರಿ. ಅದು ಹೊರಗ ಕೂತದ.”

ಕಾಕು ಗಿಂಡಿಯೊಂದಿಗೆ ಎರಡು ಹೆಜ್ಜೆ ಹಿಂದೆ ಜಿಗಿದರು. “ಹಾವು ಹೊರಗ ಕೂಡತದೇನರಿ?”

“ಪೊರಿ ಬಂದಾಗ ಕೂಡತದ. ನಮಗ ಮೂರ ದಿನಾ. ಅದಕ್ಕ ಪೊರಿ ಬಿಡೂತನಾ. ನಡೀರಿ, ಸ್ನಾನಾ ಮಾಡ್ರಿ ಎಲ್ಲಾರೂ.”

ಐದು ನಿಮಿಷದಲ್ಲಿ ಬಾಗಿಲು ಖಾಲಿ! ಎಲ್ಲರ ಮನೆಯ ನಲ್ಲಿಗಳೂ ಒಟ್ಟಿಗೆ ಸದ್ದು ಮಾಡಿದವು. ಪೆಟ್ಟಿಗೆಗೆ ಬಟ್ಟೆ ಹೊದಿಸಿ ಕತ್ತಲು ಮಾಡಿ, ಅದರ ಪಕ್ಕದಲ್ಲಿ ಬಿದ್ದು ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ಐದನೆಯ ದಿನ ಕಣ್ಣು ತಿಳಿಯಾಯಿತು. ಏಳನೆಯ ದಿನ ಪೊರೆ ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡಾಗಿ ಕಳಚಿ ಬಿತ್ತು. ಕೋಣೆ ಉಳಿಯಿತು! ಮರುದಿನ ಬೆಳಿಗ್ಗೆ ಪೆಟ್ಟಿಗೆ ಎತ್ತಿಕೊಂಡು ಸ್ಟೇಷನ್ನಿಗೆ ಹೊರಡುವಾಗ ಅಜ್ಜಿ ಅಡ್ಡ ಬಂದು ಮೆಲ್ಲಗೆ ಕೇಳಿದಳು.

“ಈಗ ಮುಟ್ಟಬಹುದೇನ?”

ಮಡಿಯಲ್ಲಿ ನಮ್ಮನ್ನೂ ಮುಟ್ಟದವಳು! “ಮೊದಲ ಕೈ ತೊಳಕೋ” ಎಂದು ನಾನು ಅವಳಿಗೆ ಹೇಳಿದೆ. ತೊಳೆದು ಬಂದಳು. ಹಾವನ್ನು ಅವಳ ತೋಳುಗಳ ಮೇಲೆ ಮಲಗಿಸಿದೆ. ಆಸರೆಗೆ ನನ್ನ ಕೈಯನ್ನು ಅವಳ ಕೈಯ ಕೆಳಗಿಟ್ಟೆ. ಬೇಡವೆನ್ನಲಿಲ್ಲ. ಹಾವು ಬಿಗಿಯಲಿಲ್ಲ, ಉಬ್ಬಲಿಲ್ಲ. ನಿಧಾನವಾಗಿ ನಾಲಗೆ ಚಾಚುತ್ತ ಅವಳ ಮೊಣಕೈಯತ್ತ ಹರಿಯಿತು.

“ನಾಗಪ್ಪಗ ಹಾಲೆರದು ನಾಲ್ವತ್ತು ವರ್ಷಾತು” ಎಂದು ಅಜ್ಜಿ ನಕ್ಕಳು. “ಅವರು ಹೋದಮ್ಯಾಲೆ ಯಾರೂ ಕರೀಲಿಲ್ಲ ನನ್ನ.”

ಹೊತ್ತಾಯಿತು, ಕೊಡು ಎನ್ನಬೇಕಿತ್ತು.

“ಇನ್ನೊಂದೀಟು ಇರ್ಲಿ” ಎಂದಳು. ಆ ದಿನ ನಾನು ಮೂರು ಲೋಕಲ್ ಬಿಟ್ಟೆ.